ಮರಗೆಲಸದ ಲೇತ್‌ನ ದೋಷ ಪತ್ತೆ

ಮರಗೆಲಸದ ಲೇತ್ ಎಂಬುದು ಮರದ ತುಂಡನ್ನು ಅದರ ಅಕ್ಷದ ಸುತ್ತ ತಿರುಗಿಸುತ್ತ, ಆಸರೆಯ ಮೇಲೆ ಹಿಡಿದ ಉಳಿಯಿಂದ ದುಂಡಗೆ ಕಡೆಯಲು ಬಳಸುವ ಯಂತ್ರ. ಈ ಕೆಲಸಕ್ಕೆ ಕನ್ನಡದಲ್ಲಿ ‘ಕಡಸಲು’ ಎಂಬ ಹಳೆಯ ಮಾತೂ ಉಂಟು. ಮಂಚದ ಕಾಲು, ಲಟ್ಟಣಿಗೆ, ಬುಗುರಿ, ಮೆಟ್ಟಿಲ ಕಟಕಟೆಯ ಕಂಬ, ಮರದ ಬಟ್ಟಲು, ಚನ್ನಪಟ್ಟಣದ ಬಣ್ಣದ ಆಟಿಕೆ ಮೊದಲಾದವು ಇದರಲ್ಲಿ ತಯಾರಾಗುತ್ತವೆ. ಚಾಲೂ ಮಾಡಿದಾಗ ಲೇತ್ ತಿರುಗದಿರುವುದು ಅಥವಾ ಕೆಲಸದ ನಡುವೆ ನಿಂತುಬಿಡುವುದು ಸಾಮಾನ್ಯ ತೊಂದರೆ. ನಿಂತ ಲೇತ್ ಎಂದರೆ ಸುಟ್ಟ ಮೋಟಾರು ಎಂದು ತೀರ್ಮಾನಿಸುವ ವಾಡಿಕೆ ಇದ್ದರೂ ಕಾರಣವು ಅನೇಕ ವೇಳೆ ಸಡಿಲವಾದ ಬೆಲ್ಟ್, ಹೊಟ್ಟು ತುಂಬಿದ ಸ್ವಿಚ್, ಬಲಗುಂದಿದ ಕಂಡೆನ್ಸರ್ ಮುಂತಾದ ಚಿಕ್ಕ ಭಾಗದಲ್ಲಿರುತ್ತದೆ. ಒಂದೇ ಲೇತ್‌ನಿಂದ ಜೀವನ ಸಾಗಿಸುವ ಕುಶಲಕರ್ಮಿಗೆ ಈ ವ್ಯತ್ಯಾಸ ತಿಳಿದಿರುವುದು ಅಗತ್ಯ. ಕಂಡೆನ್ಸರ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಮೋಟಾರನ್ನು ಬಿಚ್ಚಿ ರಿವೈಂಡಿಂಗ್‌ಗೆ ಕೊಟ್ಟರೆ ಹಲವು ದಿನಗಳ ಕೂಲಿ ಹೋಗುತ್ತದೆ.

ಈ ಲೇಖನವು ಮುಖ್ಯವಾಗಿ ಭಾರತದ ಸಣ್ಣ ಕಾರ್ಯಾಗಾರಗಳಲ್ಲಿ ಕಾಣುವ, ೨೩೦ ವೋಲ್ಟ್, ೫೦ ಹರ್ಟ್ಸ್ ವಿದ್ಯುತ್ತಿನಲ್ಲಿ ನಡೆಯುವ ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರಿನ ಲೇತ್‌ಗೆ ಸಂಬಂಧಿಸಿದೆ.

ಚಲನೆಯ ಹಾದಿ

ಹಿಂದಿನ ಕಾಲದ ಕಡಸಲು ಯಂತ್ರದಲ್ಲಿ ಒಬ್ಬನು ಹಗ್ಗವನ್ನು ಅತ್ತಿತ್ತ ಎಳೆಯುತ್ತಿದ್ದನು, ಇನ್ನೊಬ್ಬನು ಉಳಿ ಹಿಡಿಯುತ್ತಿದ್ದನು. ಯಂತ್ರ ನಿಂತಿತೆಂದರೆ ಹಗ್ಗ ಹರಿದಿರಬೇಕು, ಇಲ್ಲವೇ ಎಳೆಯುವವನು ದಣಿದಿರಬೇಕು. ಕಾರಣ ಕಣ್ಣೆದುರಿಗೇ ಇರುತ್ತಿತ್ತು. ವಿದ್ಯುತ್ ಲೇತ್‌ನಲ್ಲಿ ಈ ಹಾದಿ ಉದ್ದವಾಗಿದೆ. ಗೋಡೆಯ ಪ್ಲಗ್ಗಿನಿಂದ ಹೊರಟ ವಿದ್ಯುತ್ತು ತಂತಿ ಮತ್ತು ಸ್ವಿಚ್ಚನ್ನು ದಾಟಿ ಮೋಟಾರನ್ನು ಸೇರುತ್ತದೆ. ಮೋಟಾರಿನ ತಿರುಗು ಬಲವು ರಾಟೆ ಮತ್ತು ಬೆಲ್ಟಿನ ಮೂಲಕ ಹೆಡ್‌ಸ್ಟಾಕ್‌ನೊಳಗಿನ ಸ್ಪಿಂಡಲ್‌ಗೆ ಬರುತ್ತದೆ. ಸ್ಪಿಂಡಲ್ಲಿನ ತುದಿಯಲ್ಲಿರುವ ಹಲ್ಲಿನ ಮೊಳೆ ಅಥವಾ ಚಕ್ ಮರವನ್ನು ಕಚ್ಚಿ ತಿರುಗಿಸುತ್ತದೆ. ಮರದ ಮತ್ತೊಂದು ತುದಿಯನ್ನು ಟೈಲ್‌ಸ್ಟಾಕ್ ಒತ್ತಿ ಹಿಡಿದಿರುತ್ತದೆ.

ದೋಷ ಪತ್ತೆ ಎಂದರೆ ಈ ಸರಪಳಿಯಲ್ಲಿ ಚಲನೆ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಗೊತ್ತುಮಾಡುವುದು. ಯಂತ್ರವನ್ನು ಬಿಚ್ಚುವ ಮೊದಲೇ ಕಿವಿ ಮತ್ತು ಕಣ್ಣು ಅರ್ಧ ಉತ್ತರವನ್ನು ಕೊಡುತ್ತವೆ. ಸ್ವಿಚ್ ಒತ್ತಿದಾಗ ಯಾವ ಸದ್ದೂ ಬಾರದಿದ್ದರೆ ವಿದ್ಯುತ್ತು ಮೋಟಾರನ್ನು ತಲುಪುತ್ತಿಲ್ಲ ಎಂದು ಊಹಿಸಬಹುದು. ಮೋಟಾರು ಗುಂಯ್‌ಗುಡುತ್ತ ತಿರುಗದೆ ಇದ್ದರೆ ವಿದ್ಯುತ್ತು ಬಂದಿದೆ, ಆದರೆ ಮೋಟಾರು ಚಲನೆ ಆರಂಭಿಸಲಾರದು. ಮೋಟಾರು ತಿರುಗಿಯೂ ಸ್ಪಿಂಡಲ್ ತಿರುಗದಿದ್ದರೆ ದೋಷವು ಬೆಲ್ಟು ಮತ್ತು ರಾಟೆಗಳಲ್ಲಿದೆ. ಸ್ಪಿಂಡಲ್ ತಿರುಗಿಯೂ ಮರ ನಿಂತಿದ್ದರೆ ಅದು ಯಂತ್ರದ ದೋಷವೇ ಅಲ್ಲ.

ಕೈ ಹಾಕುವ ಮೊದಲು

ನಿಂತ ಲೇತ್ ಓಡುವ ಲೇತ್‌ಗಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು. ವಿದ್ಯುತ್ತು ಹೋಗಿ ಯಂತ್ರ ನಿಂತಿದ್ದು, ಸ್ವಿಚ್ ಚಾಲೂ ಸ್ಥಿತಿಯಲ್ಲೇ ಉಳಿದಿದ್ದರೆ, ವಿದ್ಯುತ್ತು ಮರಳಿದ ಕ್ಷಣವೇ ಸ್ಪಿಂಡಲ್ ತಿರುಗುತ್ತದೆ. ಆಗ ಬೆಲ್ಟಿನ ನಡುವೆ ಬೆರಳಿದ್ದರೆ ಅದು ರಾಟೆಗೆ ಸಿಕ್ಕಿಕೊಳ್ಳುತ್ತದೆ. ಕೆಲವು ಮೋಟಾರುಗಳ ಒಳಗಿನ ಉಷ್ಣ ರಕ್ಷಕವು ಬಿಸಿ ಇಳಿದೊಡನೆ ತಾನಾಗಿಯೇ ಮತ್ತೆ ಜೋಡಿಸಿಕೊಳ್ಳುವುದರಿಂದ ಅಲ್ಲಿಯೂ ಇದೇ ಗಂಡಾಂತರವಿದೆ. ಆದ್ದರಿಂದ ಸ್ವಿಚ್ಚನ್ನು ಆರಿಸಿದರೆ ಸಾಲದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಕೆಲಸಗಾರನ ಕಣ್ಣಿಗೆ ಬೀಳುವಂತೆ ಇಟ್ಟುಕೊಳ್ಳಬೇಕು. ಪ್ಲಗ್ ಇಲ್ಲದೆ ನೇರವಾಗಿ ಜೋಡಿಸಿದ ಯಂತ್ರಗಳಲ್ಲಿ ಮೇನ್ ಸ್ವಿಚ್ಚನ್ನು ಇಳಿಸಿ, ಫ್ಯೂಸನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುವುದು ಹಳೆಯ ಎಲೆಕ್ಟ್ರಿಷಿಯನ್ನರ ಪದ್ಧತಿ. ಅದಕ್ಕಿಂತ ಸರಳವಾದ ಬೀಗ ಬೇರೊಂದಿಲ್ಲ.

ಕಂಡೆನ್ಸರ್ ಎಂದು ಅಂಗಡಿಗಳಲ್ಲಿ ಕರೆಯುವ ಕೆಪಾಸಿಟರ್ ವಿದ್ಯುತ್ತು ಕಿತ್ತ ಮೇಲೂ ಆವೇಶವನ್ನು ಹಿಡಿದಿಟ್ಟುಕೊಂಡಿರಬಹುದು. ಅದರ ಎರಡು ತುದಿಗಳಿಗೆ ಹಳೆಯ ತಂತು ಬಲ್ಬೊಂದರ ತಂತಿಗಳನ್ನು ನಿರೋಧಕ ಹಿಡಿಯ ಸಹಾಯದಿಂದ ಮುಟ್ಟಿಸಿ ಆವೇಶವನ್ನು ಇಳಿಸಬೇಕು. ಸ್ಕ್ರೂಡ್ರೈವರನ್ನು ಅಡ್ಡ ಹಿಡಿದು ಕಿಡಿ ಹಾರಿಸುವ ರೂಢಿ ಕಂಡೆನ್ಸರಿಗೂ ಕಣ್ಣಿಗೂ ಒಳ್ಳೆಯದಲ್ಲ.

ಸದ್ದೇ ಇಲ್ಲದಿದ್ದರೆ

ಮೊದಲು ನೋಡಬೇಕಾದುದು ಪ್ಲಗ್ ಪಾಯಿಂಟ್. ಅದೇ ಪಾಯಿಂಟಿಗೆ ಬೇರೊಂದು ದೀಪವನ್ನು ಜೋಡಿಸಿದರೆ ವಿದ್ಯುತ್ತು ಇದೆಯೋ ಇಲ್ಲವೋ ತಿಳಿಯುತ್ತದೆ. ಎಂಸಿಬಿ ಬಿದ್ದಿದ್ದರೆ ಅತಿಭಾರ ಅಥವಾ ಶಾರ್ಟ್ ಸರ್ಕ್ಯೂಟ್ ಆಗಿರಬೇಕು. ಭೂಸೋರಿಕೆ ತಡೆಯುವ ಆರ್‌ಸಿಸಿಬಿ ಬಿದ್ದಿದ್ದರೆ ಎಲ್ಲಿಯೋ ವಿದ್ಯುತ್ತು ಯಂತ್ರದ ಮೈಗೆ ಸೋರುತ್ತಿದೆ ಎಂದು ಅರ್ಥ. ಮನೆಗಳಲ್ಲಿ ಬಳಸುವ ಆರ್‌ಸಿಸಿಬಿ ಸಾಮಾನ್ಯವಾಗಿ ೩೦ ಮಿಲಿಆಂಪಿಯರ್ ಸೋರಿಕೆಗೆ ಬೀಳುವಂತೆ ರಚಿತವಾಗಿರುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಹೊಟ್ಟು ಸ್ವಿಚ್ಚಿನಲ್ಲೋ ಮೋಟಾರಿನ ತಂತಿ ಪೆಟ್ಟಿಗೆಯಲ್ಲೋ ಕುಳಿತು ಇಂತಹ ಸೋರಿಕೆಗೆ ಎಡೆಗೊಡುತ್ತದೆ. ಬಿದ್ದದ್ದನ್ನು ಮತ್ತೆ ಮತ್ತೆ ಎತ್ತಿ ಪರೀಕ್ಷಿಸುವುದು, ಅದಕ್ಕಿಂತ ಮಿಗಿಲಾಗಿ ಅದನ್ನು ತಪ್ಪಿಸಿ ನೇರವಾಗಿ ತಂತಿ ಕೊಡುವುದು, ಪ್ರಾಣಕ್ಕೆ ಎರವಾಗಬಹುದು.

ಪಾಯಿಂಟಿನಲ್ಲಿ ವಿದ್ಯುತ್ತು ಇದ್ದರೆ ಮುಂದಿನ ಶಂಕೆ ಸ್ವಿಚ್ಚಿನ ಮೇಲೆ. ಲೇತ್‌ನ ಸ್ವಿಚ್ ಸದಾ ಹೊಟ್ಟಿನ ನಡುವೆ ಇರುತ್ತದೆ. ನುಣುಪಾದ ಮರದ ಹುಡಿ ಸಂಪರ್ಕ ಬಿಂದುಗಳ ನಡುವೆ ಸೇರಿಕೊಂಡು ಅವು ಮುಟ್ಟದಂತೆ ಮಾಡುತ್ತದೆ. ಹಸಿರು ಮತ್ತು ಕೆಂಪು ಗುಂಡಿಗಳುಳ್ಳ ಸ್ವಿಚ್ಚುಗಳಲ್ಲಿ ಒಂದು ಸಣ್ಣ ವಿದ್ಯುತ್ಕಾಂತ ಇದ್ದು, ಸರಬರಾಜು ಹೋದೊಡನೆ ಗುಂಡಿ ಬಿಡಿಸಿಕೊಳ್ಳುತ್ತದೆ. ವಿದ್ಯುತ್ತು ಬಂದ ಮೇಲೆ ಹಸಿರು ಗುಂಡಿಯನ್ನು ಮತ್ತೆ ಒತ್ತಬೇಕು. ಇದು ಸುರಕ್ಷತೆಗಾಗಿ ಇರುವ ಏರ್ಪಾಡು, ದೋಷವಲ್ಲ. ಹಸಿರು ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಯಂತ್ರ ಓಡಿ, ಬಿಟ್ಟೊಡನೆ ನಿಲ್ಲುತ್ತಿದ್ದರೆ ಆ ವಿದ್ಯುತ್ಕಾಂತದ ಸುರುಳಿ ಕೆಟ್ಟಿರಬಹುದು. ಪ್ಲಗ್ ಕಿತ್ತು, ಸ್ವಿಚ್ಚನ್ನು ಬಿಚ್ಚಿ, ಒಣ ಬ್ರಷ್‌ನಿಂದ ಹುಡಿಯನ್ನು ತೆಗೆದರೆ ಅನೇಕ ಲೇತ್‌ಗಳು ಮತ್ತೆ ಓಡುತ್ತವೆ.

ಮೋಟಾರಿನ ಮೈಮೇಲೆ ಚಿಕ್ಕ ಕೆಂಪು ಗುಂಡಿ ಇದ್ದರೆ ಅದು ಉಷ್ಣ ರಕ್ಷಕದ್ದು. ಮೋಟಾರು ಅತಿಯಾಗಿ ಕಾದಾಗ ಅದು ಹೊರಚಾಚಿ ಸಂಪರ್ಕವನ್ನು ಕಡಿಯುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಆರಲು ಬಿಟ್ಟು ಒತ್ತಿದರೆ ‘ಟಿಕ್’ ಎಂದು ಕೂರುತ್ತದೆ. ಸ್ವಿಚ್ಚನ್ನು ಆರಿಸಿದ ಮೇಲೆಯೇ ಅದನ್ನು ಒತ್ತಬೇಕು.

ಮೋಟಾರು ಗುಂಯ್‌ಗುಟ್ಟಿ ತಿರುಗದಿದ್ದರೆ

ಸಿಂಗಲ್ ಫೇಸ್ ಮೋಟಾರಿನ ಕೆಲಸ ತಿಳಿದರೆ ಈ ಸ್ಥಿತಿಯ ಮರ್ಮ ತಿಳಿಯುತ್ತದೆ. ಇಂತಹ ಮೋಟಾರಿನ ಮುಖ್ಯ ಸುರುಳಿಯೊಂದೇ ಇದ್ದಾಗ ಅದು ಉಂಟುಮಾಡುವ ಕಾಂತಕ್ಷೇತ್ರವು ಸುತ್ತುವುದಿಲ್ಲ. ಒಂದೇ ರೇಖೆಯಲ್ಲಿ ಏರಿ ಇಳಿಯುತ್ತದೆ. ನಿಂತ ರೋಟರನ್ನು ಅದು ಯಾವ ಕಡೆಗೂ ದೂಡಲಾರದು. ಆದುದರಿಂದ ಎರಡನೆಯ ಸುರುಳಿಯೊಂದನ್ನು ಬೇರೆ ಕೋನದಲ್ಲಿ ಸುತ್ತಿ, ಕಂಡೆನ್ಸರಿನ ಮೂಲಕ ಅದಕ್ಕೆ ವಿದ್ಯುತ್ತು ಕೊಡುತ್ತಾರೆ. ಕಂಡೆನ್ಸರ್ ಆ ಪ್ರವಾಹವನ್ನು ಕಾಲದಲ್ಲಿ ಹಿಂದುಮುಂದಾಗಿಸುವುದರಿಂದ ಸುತ್ತುವ ಕಾಂತಕ್ಷೇತ್ರ ಹುಟ್ಟಿ ರೋಟರ್ ಹೊರಡುತ್ತದೆ. ವೇಗವು ಪೂರ್ಣ ವೇಗದ ಸುಮಾರು ಮುಕ್ಕಾಲು ಭಾಗಕ್ಕೆ ಬಂದಾಗ, ಮೋಟಾರಿನ ದಂಡದ ಮೇಲಿರುವ ಕೇಂದ್ರಾಪಗಾಮಿ ಸ್ವಿಚ್ ತೆರೆದುಕೊಂಡು ಆರಂಭದ ಸುರುಳಿಯನ್ನು ಬಿಡಿಸುತ್ತದೆ. ಮುಂದೆ ಮುಖ್ಯ ಸುರುಳಿಯೊಂದೇ ಓಟವನ್ನು ನಡೆಸುತ್ತದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರದ ವೇಗ ನಿಮಿಷಕ್ಕೆ ೧೫೦೦ ಸುತ್ತು. ರೋಟರಿನ ಓಟ ಸುಮಾರು ೧೪೪೦ ಸುತ್ತು.

ಹೀಗಿರುವುದರಿಂದ ಗುಂಯ್‌ಗುಡುವ ಮೋಟಾರಿನಲ್ಲಿ ಮುಖ್ಯ ಸುರುಳಿಗೆ ವಿದ್ಯುತ್ತು ಬರುತ್ತಿದೆ ಎಂಬುದು ಖಚಿತ. ಒಂದೋ ಆರಂಭದ ಏರ್ಪಾಡು ಕೆಟ್ಟಿದೆ, ಇಲ್ಲವೇ ರೋಟರನ್ನು ಏನೋ ತಡೆಹಿಡಿದಿದೆ. ಈ ಸ್ಥಿತಿಯಲ್ಲಿ ಮೋಟಾರು ಸಹಜ ಪ್ರವಾಹದ ಐದಾರು ಪಟ್ಟು ಎಳೆಯುತ್ತಿರುತ್ತದೆ. ‘ಹೇಗೂ ತಿರುಗೀತು’ ಎಂದು ಕಾಯುತ್ತ ನಿಂತರೆ, ನಿಮಿಷಗಳಲ್ಲಿಯೇ ಚಿಕ್ಕ ದೋಷವು ಸುಟ್ಟ ಸುರುಳಿಯಾಗಿ ಪರಿಣಮಿಸುತ್ತದೆ. ಎರಡು ಮೂರು ಸೆಕೆಂಡಿನೊಳಗೆ ಹೊರಡದಿದ್ದರೆ ಸ್ವಿಚ್ಚನ್ನು ಆರಿಸಲೇಬೇಕು.

ಪ್ಲಗ್ ಕಿತ್ತ ನಂತರ ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸಿ ನೋಡಬೇಕು. ಅದು ಅಲುಗದಿದ್ದರೆ ಮೊದಲು ಸ್ಪಿಂಡಲ್ ಲಾಕಿನ ಪಿನ್ನನ್ನು ನೋಡುವುದು ಒಳ್ಳೆಯದು. ಚಕ್ ಬಿಚ್ಚುವಾಗ ಹಾಕಿದ ಪಿನ್ನನ್ನು ಹಿಂದೆಗೆಯಲು ಮರೆಯುವುದು ಕಲಿಯುವವರಲ್ಲಿ ಮಾತ್ರವಲ್ಲ, ನುರಿತವರಲ್ಲಿಯೂ ಉಂಟು. ಉಳಿಯ ಆಸರೆಗೂ ಮರಕ್ಕೂ ನಡುವೆ ಚೂರು ಸಿಕ್ಕಿರಬಹುದು. ಅಂಕುಡೊಂಕಾದ ಮರವು ಆಸರೆಗೆ ತಗುಲುತ್ತಿರಬಹುದು. ಇವಾವುವೂ ಅಲ್ಲದಿದ್ದರೆ ಬೇರಿಂಗ್ ಬಿಗಿದಿದೆ ಎಂದು ತಿಳಿಯಬೇಕು.

ಸ್ಪಿಂಡಲ್ ಸಲೀಸಾಗಿ ತಿರುಗಿದರೆ ಬೆಲ್ಟನ್ನು ಕಳಚಿ, ಮೋಟಾರನ್ನು ಮಾತ್ರ ಒಂದೆರಡು ಸೆಕೆಂಡು ಚಾಲೂ ಮಾಡಿ ನೋಡಬಹುದು. ಬೆಲ್ಟಿಲ್ಲದೆ ಹೊರಟ ಮೋಟಾರಿನಲ್ಲಿ ಶಕ್ತಿ ಕುಂದಿದೆ: ಕಂಡೆನ್ಸರ್ ಬಲಗುಂದಿರಬೇಕು, ಅಥವಾ ವೋಲ್ಟೇಜ್ ಕಡಿಮೆ ಇರಬೇಕು. ಬೆಲ್ಟಿಲ್ಲದೆಯೂ ಗುಂಯ್‌ಗುಟ್ಟಿದರೆ ಕಂಡೆನ್ಸರ್, ಕೇಂದ್ರಾಪಗಾಮಿ ಸ್ವಿಚ್, ಆರಂಭದ ಸುರುಳಿ ಈ ಮೂರರಲ್ಲಿ ಒಂದು ಕೆಟ್ಟಿದೆ. ಹೊರಡದ ಮೋಟಾರನ್ನು ಕೈಯಿಂದ ತಿರುವಿ ಬಿಟ್ಟರೆ ಅದು ತಿರುವಿದ ದಿಕ್ಕಿನಲ್ಲಿಯೇ ಓಡತೊಡಗುತ್ತದೆ. ಹೀಗೆ ತಿರುವಿಯೇ ದಿನಗಟ್ಟಲೆ ಕೆಲಸ ನಡೆಸುವ ಕಾರ್ಯಾಗಾರಗಳೂ ಇವೆ. ಇದು ಬೆರಳು ಕಳೆದುಕೊಳ್ಳುವ ಹಾದಿ. ತಪ್ಪು ದಿಕ್ಕಿಗೆ ತಿರುವಿದರೆ, ಮರೆಯಿಂದ ಕೂರಿಸಿದ ಚಕ್ ಅಥವಾ ಮುಖಫಲಕವು ಬಿಚ್ಚಿಕೊಂಡು ಮರದೊಡನೆ ಹಾರಿಬೀಳುವ ಅಪಾಯವೂ ಇದೆ.

ಕಂಡೆನ್ಸರ್ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ, ಬಿರುಕು ಬಿಟ್ಟಿದ್ದರೆ ಪರೀಕ್ಷೆ ಬೇಕಾಗಿಲ್ಲ. ಹೊರನೋಟಕ್ಕೆ ಸರಿಯಾಗಿದ್ದರೂ ಒಳಗೆ ಬಲಗುಂದಿರಬಹುದಾದ್ದರಿಂದ, ಆವೇಶ ಇಳಿಸಿದ ಮೇಲೆ ಮಲ್ಟಿಮೀಟರಿನಿಂದ ಅಳೆದು, ಮೈಮೇಲೆ ಮುದ್ರಿಸಿದ ಮೈಕ್ರೋಫ್ಯಾರಡ್ ಸಂಖ್ಯೆಯೊಡನೆ ಹೋಲಿಸಬೇಕು. ಅಳತೆ ಗಮನಾರ್ಹವಾಗಿ ಕಡಿಮೆ ಬಂದರೆ ಬದಲಿಸಬೇಕು. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು; ವೋಲ್ಟ್ ಸಂಖ್ಯೆ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಕೂಡದು. ಆರಂಭಕ್ಕೆ ಮಾತ್ರ ಬಳಕೆಯಾಗುವ ಕಂಡೆನ್ಸರ್ ಮತ್ತು ಓಟದುದ್ದಕ್ಕೂ ಜೋಡಣೆಯಲ್ಲಿರುವ ಕಂಡೆನ್ಸರ್ ಬೇರೆ ಬೇರೆ ಜಾತಿಯವು. ಮೊದಲನೆಯದು ಕೆಲವು ಸೆಕೆಂಡುಗಳ ಸೇವೆಗಷ್ಟೇ ತಯಾರಾದುದರಿಂದ ಅದನ್ನು ಎರಡನೆಯದರ ಜಾಗಕ್ಕೆ ಹಾಕಿದರೆ ಸಿಡಿಯುತ್ತದೆ.

ಕಂಡೆನ್ಸರ್ ಸರಿಯಾಗಿದ್ದರೆ ಮೋಟಾರಿನ ಹಿಂಭಾಗದ ಮುಚ್ಚಳದ ಒಳಗಿರುವ ಕೇಂದ್ರಾಪಗಾಮಿ ಸ್ವಿಚ್ಚನ್ನು ನೋಡಬೇಕಾಗುತ್ತದೆ. ಮರಗೆಲಸದ ಯಂತ್ರಗಳಲ್ಲಿ ಇದರ ಶತ್ರು ಹೊಟ್ಟು. ಹುಡಿ ಕುಳಿತು ಸಂಪರ್ಕ ಮುಚ್ಚಿಕೊಳ್ಳದಿದ್ದರೆ ಮೋಟಾರು ಹೊರಡುವುದಿಲ್ಲ. ಮೋಟಾರು ನಿಲ್ಲುವಾಗ ಕೇಳಬೇಕಾದ ಸಣ್ಣ ‘ಟಿಕ್’ ಸದ್ದು ಕೇಳದಿದ್ದರೆ ಈ ಶಂಕೆ ಬಲವಾಗುತ್ತದೆ. ತದ್ವಿರುದ್ಧವಾಗಿ ಸಂಪರ್ಕ ಬಿಂದುಗಳು ಬೆಸೆದುಕೊಂಡು ತೆರೆಯದಿದ್ದರೆ ಮೋಟಾರು ಹೊರಡುತ್ತದೆ, ಆದರೆ ಒರಟಾಗಿ ಗರ್ಜಿಸುತ್ತ ಬೇಗನೆ ಕಾದು, ಮೊದಲು ಕಂಡೆನ್ಸರನ್ನೂ ಬಳಿಕ ಆರಂಭದ ಸುರುಳಿಯನ್ನೂ ಸುಡುತ್ತದೆ. ಹೊಸ ಕಂಡೆನ್ಸರ್ ಪದೇ ಪದೇ ಹಾಳಾಗುವ ಲೇತ್‌ನಲ್ಲಿ ತಪ್ಪು ಕಂಡೆನ್ಸರಿನದಲ್ಲ, ಈ ಸ್ವಿಚ್ಚಿನದು ಎಂದು ಮೊದಲು ಶಂಕಿಸಬೇಕು.

ವೋಲ್ಟೇಜಿನ ಕೊರತೆಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಇಂಡಕ್ಷನ್ ಮೋಟಾರಿನ ತಿರುಗು ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಒಂದು ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ ಸುಮಾರು ೬ ಆಂಪಿಯರ್ ಎಳೆದರೆ, ಹೊರಡುವಾಗ ೩೦ ಆಂಪಿಯರ್‌ನಷ್ಟು ಎಳೆಯುತ್ತದೆ. ೧ ಚದರ ಮಿಲಿಮೀಟರ್ ದಪ್ಪದ, ೩೦ ಮೀಟರ್ ಉದ್ದದ ತಾಮ್ರದ ಎಕ್ಸ್‌ಟೆನ್ಷನ್ ತಂತಿಯಲ್ಲಿ ಹೋಗುವ ಬರುವ ದಾರಿ ಸೇರಿ ಸುಮಾರು ಒಂದು ಓಮ್ ರೋಧ ಇರುತ್ತದೆ. ಹೊರಡುವ ಗಳಿಗೆಯಲ್ಲಿ ಅದೊಂದೇ ೩೦ ವೋಲ್ಟನ್ನು ನುಂಗುವುದರಿಂದ ಮೋಟಾರಿಗೆ ೨೦೦ ವೋಲ್ಟ್ ಉಳಿಯುತ್ತದೆ, ತಿರುಗು ಬಲ ಮುಕ್ಕಾಲಿಗೆ ಇಳಿಯುತ್ತದೆ. ಊರಿನ ಸರಬರಾಜೇ ಸಂಜೆ ಹೊತ್ತಿನಲ್ಲಿ ಕುಸಿದಿದ್ದರೆ ಇನ್ನೂ ಕಡಿಮೆ. ಬೆಳಿಗ್ಗೆ ಓಡಿ ಸಂಜೆ ಮುಷ್ಕರ ಹೂಡುವ ಲೇತ್‌ನ ರಹಸ್ಯ ಬಹುತೇಕ ಇಷ್ಟೇ. ದಪ್ಪ ತಂತಿ ಹಾಕಿ, ಯಂತ್ರವನ್ನು ಪಾಯಿಂಟಿನ ಹತ್ತಿರಕ್ಕೆ ಸರಿಸಿದರೆ ತೊಂದರೆ ತಗ್ಗುತ್ತದೆ.

ಮೋಟಾರು ತಿರುಗಿ ಮರ ತಿರುಗದಿದ್ದರೆ

ಬೆಲ್ಟ್ ಹರಿದಿದ್ದರೆ ಕಣ್ಣಿಗೇ ಕಾಣುತ್ತದೆ. ಜಾರುವ ಬೆಲ್ಟಿನ ಗುರುತುಗಳು ಸುಟ್ಟ ರಬ್ಬರಿನ ವಾಸನೆ, ರಾಟೆಯ ಸುತ್ತ ಕಪ್ಪು ಹುಡಿ ಮತ್ತು ಗಾಜಿನಂತೆ ಹೊಳೆಯುವ ಪಕ್ಕಗಳು. ವಿ-ಬೆಲ್ಟ್ ತನ್ನ ಎರಡು ಪಕ್ಕಗಳಿಂದ ರಾಟೆಯನ್ನು ಹಿಡಿಯಬೇಕು. ಸವೆದು ಕಂದಕದ ತಳಕ್ಕೆ ತಾಗಿದರೆ ಎಷ್ಟು ಬಿಗಿದರೂ ಜಾರುತ್ತದೆ. ಬಿಗಿತವನ್ನು ನೋಡಲು ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತುತ್ತಾರೆ. ಎರಡು ರಾಟೆಗಳ ಅಂತರದ ಪ್ರತಿ ೧೦೦ ಮಿಲಿಮೀಟರಿಗೆ ಸುಮಾರು ೧.೫ ಮಿಲಿಮೀಟರ್ ಬಾಗಿದರೆ ಸಾಕು. ಇದಕ್ಕಿಂತ ಬಿಗಿ ಮಾಡಿದರೆ ಭಾರವು ಬೇರಿಂಗಿನ ಮೇಲೆ ಬೀಳುತ್ತದೆ. ಬೆಲ್ಟ್ ಚೆನ್ನಾಗಿದ್ದೂ ಸ್ಪಿಂಡಲ್ ನಿಂತಿದ್ದರೆ, ರಾಟೆಯನ್ನು ದಂಡಕ್ಕೆ ಕಚ್ಚಿಸುವ ಗ್ರಬ್ ಸ್ಕ್ರೂ ಸಡಿಲಗೊಂಡು, ರಾಟೆ ಮಾತ್ರ ದಂಡದ ಮೇಲೆ ತಿರುಗುತ್ತಿರಬಹುದು.

ಸ್ಪಿಂಡಲ್ ತಿರುಗುತ್ತಿದ್ದು ಮರ ನಿಂತಿದ್ದರೆ ಹಲ್ಲಿನ ಮೊಳೆಯು ಮರದ ತುದಿಯಲ್ಲಿ ಗುಳಿ ಕೊರೆದುಕೊಂಡು ಸುಮ್ಮನೆ ತಿರುಗುತ್ತಿದೆ. ಹಸಿ ಮರ ಒಣಗುತ್ತ ಕುಗ್ಗಿದಾಗ, ಅಥವಾ ಟೈಲ್‌ಸ್ಟಾಕ್‌ನ ಬಿಗಿ ಕೆಲಸದ ಕಂಪನಕ್ಕೆ ಸಡಿಲವಾದಾಗ ಹೀಗಾಗುತ್ತದೆ. ಯಂತ್ರವನ್ನು ನಿಲ್ಲಿಸಿ, ಮರದ ತುದಿಯನ್ನು ಕತ್ತರಿಸಿ ಹೊಸದಾಗಿ ಕೂರಿಸಬೇಕು. ಸ್ಪಿಂಡಲ್ಲಿನ ಓರೆ ರಂಧ್ರದಲ್ಲಿ ಹುಡಿ ಸೇರಿದರೆ ಮೊಳೆಯೇ ಅದರೊಳಗೆ ಜಾರುವುದೂ ಉಂಟು; ಒಣ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ.

ಕೆಲಸದ ನಡುವೆ ನಿಲ್ಲುವುದು

ಅರ್ಧ ಗಂಟೆ ಸರಿಯಾಗಿ ಓಡಿ ನಿಲ್ಲುವ, ಆರಿದ ಮೇಲೆ ಮತ್ತೆ ಓಡುವ ಲೇತ್ ಕಾಯುತ್ತಿದೆ ಎಂಬುದು ಸ್ಪಷ್ಟ. ಮೋಟಾರಿನ ಹಿಂದಿನ ಫ್ಯಾನಿನ ಜಾಲರಿ ಹೊಟ್ಟಿನಿಂದ ಮುಚ್ಚಿರುವುದು ಇದಕ್ಕೆ ಮುಖ್ಯ ಕಾರಣ. ಮೊಂಡು ಉಳಿಯಿಂದ ಒತ್ತಿ ಕಡೆಯುವುದು, ಅತಿ ಬಿಗಿಯಾದ ಬೆಲ್ಟ್, ಒಣಗಿದ ಬೇರಿಂಗ್ ಇವೂ ಮೋಟಾರಿನ ಮೇಲೆ ಭಾರ ಹೇರುತ್ತವೆ. ಬೆಲ್ಟ್ ತೆಗೆದು ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸಿದಾಗ ಮರಳಿನ ಮೇಲೆ ಉರುಳಿದಂತೆ ಒರಟಾಗಿ ತೋರಿದರೆ ಬೇರಿಂಗ್ ಬದಲಿಸುವ ಕಾಲ ಬಂದಿದೆ. ಉಳಿಯು ಮರದಲ್ಲಿ ಹಠಾತ್ತನೆ ಕಚ್ಚಿಕೊಂಡು ನಿಂತಿದ್ದರೆ ವಿಷಯ ಬೇರೆ: ಅಲ್ಲಿ ಬೆಲ್ಟ್ ಜಾರಿ ಮೋಟಾರನ್ನೂ ಕೆಲಸಗಾರನ ಮಣಿಕಟ್ಟನ್ನೂ ಕಾಪಾಡಿರುತ್ತದೆ.

ಮೂರು ಫೇಸಿನ ಮೋಟಾರು ಮತ್ತು ವೇಗ ನಿಯಂತ್ರಕ

ದೊಡ್ಡ ಲೇತ್‌ಗಳ ಮೂರು ಫೇಸಿನ ಮೋಟಾರಿಗೆ ಕಂಡೆನ್ಸರ್ ಬೇಕಿಲ್ಲ. ಅದು ಗುಂಯ್‌ಗುಟ್ಟಿ ನಿಂತರೆ ಒಂದು ಫೇಸ್ ಹೋಗಿದೆ ಎಂದು ಮೊದಲು ಶಂಕಿಸಬೇಕು. ಓಡುತ್ತಿರುವಾಗ ಫೇಸ್ ಹೋದರೆ ಮೋಟಾರು ನಿಲ್ಲದೆ ಉಳಿದೆರಡರ ಮೇಲೆ ಓಡುತ್ತ ಕಾಯುತ್ತದೆ. ಸ್ಟಾರ್ಟರಿನ ಅತಿಭಾರ ರಿಲೇ ಸರಿಯಾಗಿದ್ದರೆ ಸಂಪರ್ಕ ಕಡಿಯುತ್ತದೆ. ಲೈನಿನ ದುರಸ್ತಿಯ ನಂತರ ಎರಡು ಫೇಸುಗಳು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಆಗ ಯಾವುದೇ ಎರಡು ಫೇಸಿನ ತಂತಿಗಳನ್ನು ಪರಸ್ಪರ ಬದಲಿಸಬೇಕು.

ಗುಂಡಿ ತಿರುವಿ ವೇಗ ಬದಲಿಸುವ ಚಿಕ್ಕ ಲೇತ್‌ಗಳಲ್ಲಿ ಅನೇಕವು ನೇರ ಪ್ರವಾಹದ ಮೋಟಾರನ್ನು ಹೊಂದಿವೆ. ಇಂತಹ ಕೆಲವು ಮಾದರಿಗಳು ವೇಗದ ಗುಂಡಿ ಸೊನ್ನೆಯಲ್ಲಿ ಇಲ್ಲದಿದ್ದರೆ, ಅಥವಾ ಬೆಲ್ಟಿನ ಮುಚ್ಚಳ ತೆರೆದಿದ್ದರೆ ಹೊರಡುವುದಿಲ್ಲ. ಅನಂತರ ಫ್ಯೂಸ್ ಮತ್ತು ಕಾರ್ಬನ್ ಬ್ರಷ್‌ಗಳನ್ನು ನೋಡಬೇಕು. ಸವೆದು ಗಿಡ್ಡವಾದ ಬ್ರಷ್ ತಿರುಗುವ ಭಾಗವನ್ನು ಮುಟ್ಟದೆ ಮೋಟಾರು ಸತ್ತಂತೆ ಇರುತ್ತದೆ. ಜೋಡಿಯಾಗಿ ಬದಲಿಸಿದರೆ ಜೀವ ಬರುತ್ತದೆ. ನಿಯಂತ್ರಕದ ಫಲಕವೇ ಕೆಟ್ಟಿದ್ದರೆ ಅದನ್ನು ಬಲ್ಲವರಿಗೆ ಬಿಡುವುದು ಲೇಸು.

ಚನ್ನಪಟ್ಟಣದ ಅರಗಿನ ಕೆಲಸದಲ್ಲಿ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ಚನ್ನಪಟ್ಟಣದ ಆಟಿಕೆಗಳು ಭೌಗೋಳಿಕ ಸೂಚಕವನ್ನು ಪಡೆದಿವೆ. ಇಲ್ಲಿ ಹಾಲೆಮರವನ್ನು ಲೇತ್‌ನಲ್ಲಿ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆ ಮೇಲೆ ಕೇದಗೆಯ ಜಾತಿಯ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ಬಿಸಿಯು ವೇಗದಿಂದ ಮತ್ತು ಒತ್ತಡದಿಂದ ಹುಟ್ಟುವುದರಿಂದ ಯಂತ್ರದ ಬಲ ಕುಂದಿದ್ದು ಇಲ್ಲಿ ಬೇಗ ಬಯಲಾಗುತ್ತದೆ. ಬೆಲ್ಟ್ ಜಾರುತ್ತಿದ್ದರೆ ಕಡ್ಡಿಯನ್ನು ಒತ್ತಿದೊಡನೆ ವೇಗ ಬಿದ್ದು, ಅರಗು ಹರಡದೆ ತೇಪೆ ತೇಪೆಯಾಗಿ ನಿಲ್ಲುತ್ತದೆ. ಯಂತ್ರ ಪೂರ್ತಿ ನಿಲ್ಲುವ ಮೊದಲು ಸಿಗುವ ಈ ಸೂಚನೆಯನ್ನು ಅರಗಿನ ದೋಷವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ರಾಟೆಗೆ ಹಾರಿದ ಅರಗಿನ ಚೂರುಗಳೂ ಬೆಲ್ಟಿನ ಹಿಡಿತವನ್ನು ಕೆಡಿಸಬಲ್ಲವು.

ಮೋಟಾರು ನಿಜವಾಗಿ ಸುಟ್ಟಾಗ

ಸುಟ್ಟ ಸುರುಳಿಗೆ ವಾರ್ನಿಷ್ ಕರಕಲಾದ ತೀಕ್ಷ್ಣ ವಾಸನೆ ಇರುತ್ತದೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಮುಚ್ಚಳ ತೆಗೆದರೆ ಹೊಂಬಣ್ಣದ ತಂತಿ ಕಪ್ಪಾಗಿರುವುದು ಕಾಣುತ್ತದೆ. ಎಲೆಕ್ಟ್ರಿಷಿಯನ್ ೫೦೦ ವೋಲ್ಟಿನ ಮೆಗ್ಗರ್‌ನಿಂದ ಸುರುಳಿಗೂ ಮೋಟಾರಿನ ಮೈಗೂ ನಡುವಿನ ನಿರೋಧವನ್ನು ಅಳೆಯುತ್ತಾನೆ. ಅದು ಒಂದು ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಮೋಟಾರನ್ನು ಓಡಿಸಬಾರದು. ಆದರೆ ಕಡಿಮೆ ನಿರೋಧವೆಂದ ಮಾತ್ರಕ್ಕೆ ಸುರುಳಿ ಸುಟ್ಟಿದೆ ಎಂದಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಮೋಟಾರು ತೇವದಿಂದಲೂ ಹೀಗೆ ತೋರುತ್ತದೆ. ಹದವಾದ ಶಾಖದಲ್ಲಿ ಒಣಗಿಸಿ ಮತ್ತೊಮ್ಮೆ ಅಳೆದ ಮೇಲೆಯೇ ರಿವೈಂಡಿಂಗ್ ಬೇಕೇ ಎಂಬುದನ್ನು ನಿರ್ಧರಿಸುತ್ತಾರೆ. ರಿವೈಂಡಿಂಗ್‌ಗೆ ಕೊಡುವಾಗ ಕಂಡೆನ್ಸರನ್ನೂ ಕೇಂದ್ರಾಪಗಾಮಿ ಸ್ವಿಚ್ಚನ್ನೂ ಬೇರಿಂಗುಗಳನ್ನೂ ಜೊತೆಗೆ ಪರೀಕ್ಷಿಸಲು ಹೇಳಬೇಕು. ಮೊದಲ ಸುರುಳಿಯನ್ನು ಸುಟ್ಟ ಭಾಗವು ಹಾಗೆಯೇ ಉಳಿದರೆ ಹೊಸ ಸುರುಳಿಯೂ ಅದೇ ರೀತಿಯಲ್ಲಿ ಸುಡುತ್ತದೆ.